ತಂದೆಗೆ ಹೆಂಡ ತರುತ್ತಿದ್ದ ಮಗ

ಬಸವಂತನೆಂಬ ಶಿಷ್ಯ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ನಾನೂ ನನ್ನ ತಮ್ಮನೂ ಒಂದೇ ಮನೆಯ ಅನ್ನ ಉಂಡು ಬೆಳೆದವರು. ನಾನು ನೆಟ್ಟಗಿದ್ದೇನೆ. ಅವನು ಹದಿನೈದು ವರ್ಷಕ್ಕೇ ಹೆಂಡಕ್ಕೆ ಬಿದ್ದ. ಬುದ್ಧಿ ಹೇಳಿದೆವು, ಹೊಡೆದೆವು, ಕೂಡಿಹಾಕಿದೆವು. ಆದರೂ ಬಿಡಲೊಲ್ಲ. ಅವನಲ್ಲಿ ಅಂಥ ದೋಷ ಏನಿದೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿಗೆ ಇಬ್ಬರು ಗಂಡುಮಕ್ಕಳು. ಚಿಕ್ಕವನಿಗೆ ಹನ್ನೆರಡಾಗಿದ್ದಾಗ ತಾಯಿ ಜ್ವರದಿಂದ ತೀರಿಕೊಂಡಳು. ದೊಡ್ಡವನು ತಂದೆಯ ಪಕ್ಕದಲ್ಲೇ ಮಗ್ಗ ಹೂಡಿಕೊಂಡ. ಕೈಗೆ ಕೆಲಸವಿತ್ತು, ಪಕ್ಕದಲ್ಲಿ ತಂದೆಯಿದ್ದ. ಅವನ ದಿನಗಳು ಹೇಗೋ ಕಳೆದವು. ಚಿಕ್ಕವನಿಗೆ ಎರಡೂ ಇರಲಿಲ್ಲ. ದುಃಖ ಮರೆಯಲೆಂದು ನೇಕಾರ ಸಂಜೆ ಹೆಂಡ ಕುಡಿಯತೊಡಗಿದ. ಅದನ್ನು ತರಲು ಚಿಕ್ಕವನನ್ನೇ ಕಳಿಸುತ್ತಿದ್ದ.

ಹೆಂಡದಂಗಡಿಯ ಜಗಲಿಯಲ್ಲಿ ಗಾಡಿ ಹೊಡೆಯುವ ಹುಡುಗರು ಕೂತಿರುತ್ತಿದ್ದರು. ಅವರು ಅವನನ್ನು ಹೆಸರು ಹಿಡಿದು ಕರೆದರು, ಪಕ್ಕದಲ್ಲಿ ಕೂರಿಸಿಕೊಂಡರು. ಮೊದಲು ಒಂದು ಗುಟುಕು. ವರ್ಷ ತುಂಬುವುದರೊಳಗೆ ಅವನು ಆ ಜಗಲಿಯ ಮೇಲೇ ಬಿದ್ದಿರುತ್ತಿದ್ದ.

ಸುದ್ದಿ ತಿಳಿದ ನೇಕಾರ ಮಗನನ್ನು ಕಂಬಕ್ಕೆ ಕಟ್ಟಿ ಹೊಡೆದ. ಹೊಡೆಯುವಾಗ ಅವನ ಬಾಯಿಂದಲೂ ಅದೇ ವಾಸನೆ ಬರುತ್ತಿತ್ತು. ಮರುದಿನ ಹುಡುಗ ಮನೆ ಬಿಟ್ಟು ಹೋದ.

ಅಣ್ಣ ಊರೂರು ಹುಡುಕಿದ. ಒಂಬತ್ತನೆಯ ದಿನ ಸಂತೆಮಾಳದಲ್ಲಿ ಒಂದು ಗಾಡಿಯ ಕೆಳಗೆ ತಮ್ಮ ಸಿಕ್ಕಿದ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ.

"ಆ ಹಾಳು ಹೆಂಡದಲ್ಲಿ ನಿನಗೆ ಏನು ಸಿಗುತ್ತದೋ?" ಎಂದು ಅಣ್ಣ ಕೇಳಿದ.

"ಅವ್ವ ಹೋದಮೇಲೆ ನೀವು ಒಮ್ಮೆಯಾದರೂ ಅವಳ ಮಾತೆತ್ತಿದಿರಾ, ಅಣ್ಣಾ? ನಾನು ಅತ್ತರೆ ಅಪ್ಪ ಎದ್ದು ಹೋಗುತ್ತಿದ್ದ. ಕುಡಿದವನು ಅತ್ತರೆ ಯಾರೂ ಏನೂ ಅನ್ನುವುದಿಲ್ಲ."

ಅಣ್ಣ ಅವನನ್ನು ಹೊತ್ತು ತಂದ. ಕೇಳಿದ ಮಾತನ್ನು ತಂದೆಗೆ ಹಾಗೆಯೇ ಹೇಳಿದ. ನೇಕಾರ ಮಗ್ಗದಿಂದ ಎದ್ದು, ಹೆಂಡತಿಯ ಸೀರೆಗಳಿದ್ದ ಪೆಟ್ಟಿಗೆಯನ್ನು ತೆರೆದು ಚಿಕ್ಕವನ ಮುಂದಿಟ್ಟ. ಆ ದಿನ ಮೂವರೂ ಅತ್ತರು.

ಅಂದಿನಿಂದ ನೇಕಾರ ಕುಡಿಯಲಿಲ್ಲ. ಚಿಕ್ಕವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೂಲು ಹಿಡಿಯಲು ಕಲಿಸಿದ. ಹುಡುಗ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಎರಡು ಸಲ ಮತ್ತೆ ಜಗಲಿಗೆ ಹೋದ. ಎರಡು ಸಲವೂ ತಂದೆ ತಾನೇ ಹೋಗಿ, ಬೈಯದೆ, ಕೈ ಹಿಡಿದು ಕರೆತಂದ. ಮತ್ತೆ ಹೋಗುವ ಪ್ರಸಂಗ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ತಪ್ಪು ಯಾರದು ಗುರುಗಳೇ? ಹೆಂಡ ಮಾರಿದವನದೇ, ಗೆಳೆಯರದೇ, ತಂದೆಯದೇ?"

ಗುರುಗಳು ಕೇಳಿದರು: "ನಿನ್ನ ತಮ್ಮನ ದುಃಖ ಏನು, ಬಸವಂತ?"

ಅದನ್ನು ತಮ್ಮನನ್ನೇ ಕೇಳಲು ಶಿಷ್ಯ ಮನೆಗೆ ಹೊರಟ.