ಇಡ್ಲಿ ತಟ್ಟೆಯಲ್ಲಿ ಉಳಿದ ಸ್ಕ್ರೂ

“ಬುದ್ಧಿ, ಅರ್ಥ ಗೊತ್ತಿಲ್ಲದ ಪದಕ್ಕೆ ಹೊಂದುವಂಥ ಅರ್ಥವೊಂದನ್ನು ನಾವೇ ಕೊಟ್ಟರೆ ತಪ್ಪೇ?” ಎಂದು ಕರಿಬಸಯ್ಯ ತನ್ನ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ಸೇರಿ ಆರು ವರ್ಷವಾಗಿತ್ತು. ಮರುದಿನ ಬೆಳಿಗ್ಗೆ ಅವನ ಮೊದಲ ಪ್ರವಚನ. ಆರಿಸಿಕೊಂಡ ಹಳೆಯ ಹಾಡಿನಲ್ಲಿ ಒಂದು ಪದ ಯಾವ ನಿಘಂಟಿನಲ್ಲೂ ಸಿಕ್ಕಿರಲಿಲ್ಲ. ಕೇಳಲು ಬಂದವರ ಮುಂದಿನ ಸಾಲಿನಲ್ಲಿ ನಿವೃತ್ತ ಮೇಷ್ಟ್ರುಗಳು ಕೂರುತ್ತಾರೆ. ಅವರೆದುರು ತಡವರಿಸಿದರೆ, ಇವನಿಗೆ ಇನ್ನೊಮ್ಮೆ ಪ್ರವಚನಕ್ಕೆ ಕೂರುವ ಅವಕಾಶ ಸಿಗುವುದು ಕಷ್ಟ. ಆ ಹೆದರಿಕೆಯಲ್ಲಿ ಅವನು ಒಂದು ಅರ್ಥವನ್ನು ಕಟ್ಟಿಕೊಂಡಿದ್ದ.

“ಹೊಂದುತ್ತದೆಯೋ?” ಎಂದರು ಗುರುಗಳು.

“ಅಚ್ಚುಕಟ್ಟಾಗಿ ಹೊಂದುತ್ತದೆ, ಬುದ್ಧಿ. ಯಾರಿಗೂ ಅನುಮಾನ ಬರುವುದಿಲ್ಲ.”

“ಕೂತುಕೋ” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಪ್ಯೂಟರ್ ರಿಪೇರಿಯವನಿದ್ದ. ಅವನ ಕೆಲಸಕ್ಕೆ ಒಂದು ಕ್ರಮವಿತ್ತು. ಸಿಪಿಯು ಡಬ್ಬಕ್ಕೆ ಕೈ ಹಚ್ಚುವ ಮೊದಲು ಮೇಜಿನ ಮೇಲೆ ಹಳೆಯ ಇಡ್ಲಿ ತಟ್ಟೆಯೊಂದನ್ನು ಇಡುತ್ತಿದ್ದ. ಮುಚ್ಚಳದ ಸ್ಕ್ರೂಗಳು ಮೊದಲ ಗುಳಿಗೆ, ಫ್ಯಾನಿನವು ಎರಡನೆಯದಕ್ಕೆ, ಹಾರ್ಡ್ ಡಿಸ್ಕಿನವು ಮೂರನೆಯದಕ್ಕೆ, ಮದರ್‌ಬೋರ್ಡಿನವು ನಾಲ್ಕನೆಯದಕ್ಕೆ. ಜೋಡಿಸುವಾಗ ನಾಲ್ಕನೆಯ ಗುಳಿಯಿಂದ ಹಿಂದಕ್ಕೆ ಬರುತ್ತಿದ್ದ. ಕೆಲಸ ಮುಗಿದ ಮೇಲೆ ತಟ್ಟೆಯನ್ನು ಎತ್ತಿ ಗಿರಾಕಿಗೆ ತೋರಿಸಿ “ಖಾಲಿ” ಎನ್ನುತ್ತಿದ್ದ. ಅದೇ ಅವನ ಗ್ಯಾರಂಟಿ. ರಿಪೇರಿ ಮಾಡುವವರು ಆ ಊರಿನಲ್ಲಿ ಇನ್ನೂ ಇದ್ದರು. ತಟ್ಟೆ ತೋರಿಸುವವನು ಇವನೊಬ್ಬನೇ.

ಒಂದು ದಿನ ಒಬ್ಬ ಟೀಚರಮ್ಮ ತಮ್ಮ ಕಂಪ್ಯೂಟರನ್ನು ತಂದರು. ಅರ್ಧ ಗಂಟೆ ಓಡಿ ತಾನಾಗಿಯೇ ಆರಿಹೋಗುತ್ತಿತ್ತು. ಸೋಮವಾರದೊಳಗೆ ಅವರು ಪ್ರಶ್ನೆಪತ್ರಿಕೆಗಳನ್ನು ಟೈಪು ಮಾಡಿ ಮುಗಿಸಬೇಕಿತ್ತು. ಸಂಜೆ ಬರುತ್ತೇನೆಂದು ಹೋದರು.

ರಿಪೇರಿಯವನು ಎಲ್ಲವನ್ನೂ ಬಿಚ್ಚಿದ. ಫ್ಯಾನಿನ ಕೆಳಗೆ ಧೂಳು ಕಂಬಳಿಯಂತೆ ಕೂತಿತ್ತು. ಬ್ರಷ್ಷಿನಿಂದ ತೆಗೆದ. ರ್‍ಯಾಮಿನ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದ. ಪ್ರೊಸೆಸರಿಗೆ ಹೊಸ ಪೇಸ್ಟು ಹಚ್ಚಿದ. ಮತ್ತೆ ಜೋಡಿಸಿ ಗುಂಡಿ ಒತ್ತಿದ. ಓಡಿತು. ಎರಡು ಗಂಟೆ ಹಾಗೇ ಬಿಟ್ಟ. ಆರಲಿಲ್ಲ. ಸಮಾಧಾನದಿಂದ ತಟ್ಟೆ ಎತ್ತಿದ. ಏನೋ ಉರುಳಿತು. ನಾಲ್ಕನೆಯ ಗುಳಿಯಲ್ಲಿ ಒಂದು ಸ್ಕ್ರೂ ಉಳಿದಿತ್ತು.

ಅವನು ಮುಚ್ಚಳವನ್ನು ತೆಗೆದು ಮತ್ತೆ ನೋಡಿದ. ಬೋರ್ಡಿನ ಎಲ್ಲ ತೂತುಗಳಲ್ಲೂ ಸ್ಕ್ರೂ ಇತ್ತು. ಫ್ಯಾನಿನಲ್ಲಿ ಇತ್ತು, ಡಿಸ್ಕಿನಲ್ಲಿ ಇತ್ತು. ಹಾಗಾದರೆ ಇದು ಎಲ್ಲಿಂದ ಬಂತು? ಹಿಂದೆ ಬಿಚ್ಚಿದವರು ಯಾರಾದರೂ ಒಳಗೆ ಬೀಳಿಸಿದ್ದರೇ? ಅಥವಾ ನಿನ್ನೆಯ ಗಿರಾಕಿಯದು ತಟ್ಟೆಯಲ್ಲೇ ಉಳಿದುಬಿಟ್ಟಿತ್ತೇ? ಈ ಎರಡನೆಯ ಯೋಚನೆ ಅವನಿಗೆ ಸೇರಲಿಲ್ಲ. ನಿನ್ನೆಯೂ ಅವನು ಖಾಲಿ ಎಂದೇ ಹೇಳಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ಟೀಚರಮ್ಮನ ಸ್ಕೂಟರ್ ನಿಂತ ಸದ್ದಾಯಿತು. ಬೋರ್ಡು ಕೂರುವ ತಗಡಿನ ಹಿಂಬದಿಯಲ್ಲಿ ಒಂದು ಬರಿ ತೂತು ಕಂಡಿತು. ಸ್ಕ್ರೂ ಇಟ್ಟು ತಿರುಗಿಸಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಮುಚ್ಚಳ ಹಾಕಿದ.

“ಎಲ್ರೀ ನಿಮ್ಮ ತಟ್ಟೆ? ಅದನ್ನ ನೋಡದೆ ಎದ್ದು ಬರಬೇಡಿ ಅಂದಿದಾರೆ ನಮ್ಮ ಹೆಡ್ಮೇಷ್ಟ್ರು.”

“ನೋಡಿ ಟೀಚರಮ್ಮ. ಖಾಲಿ.”

“ಇದರಲ್ಲಿ ಯಾವತ್ತಾದ್ರೂ ಇಡ್ಲಿ ಬೆಂದಿದೆಯೋ, ಬರೀ ಕಬ್ಬಿಣವೋ?” ಎಂದು ನಗುತ್ತ ಅವರು ಡಬ್ಬವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದರು.

ದಾರಿಯುದ್ದಕ್ಕೂ ಗುಂಡಿಗಳು. ಮನೆಯಲ್ಲಿ ಸ್ವಿಚ್ ಹಾಕಿದೊಡನೆ ಸುಟ್ಟ ವಾಸನೆ ಬಂತು. ಮರುದಿನ ಅದೇ ಡಬ್ಬ ಅದೇ ಮೇಜಿಗೆ ಬಂತು.

ರಿಪೇರಿಯವನು ಅವರ ಎದುರೇ ಬಿಚ್ಚಿದ. ಹಿಂಬದಿಯಿಂದ ಒಳಕ್ಕೆ ಚಾಚಿದ್ದ ಸ್ಕ್ರೂವಿನ ತುದಿ, ಕುಲುಕಾಟದಲ್ಲಿ ಬೋರ್ಡಿನ ಬೆನ್ನಿಗೆ ತಗುಲಿತ್ತು. ತಗುಲಿದಲ್ಲಿ ಎಳ್ಳಿನಷ್ಟು ಕಪ್ಪು ಕಲೆ. ಬೋರ್ಡು ಸತ್ತಿತ್ತು.

“ಒಂದು ಉಳಿದಿತ್ತು ಟೀಚರಮ್ಮ. ಯಾವುದರದು ಅಂತ ತಿಳೀಲಿಲ್ಲ. ತೂತು ಖಾಲಿ ಇತ್ತು, ಹಾಕಿದೆ” ಎಂದ.

ಟೀಚರಮ್ಮ ಬೈಯಲಿಲ್ಲ. “ಉಳಿದಿದೆ ಅಂದಿದ್ರೆ, ಯಾವುದರದು ಅಂತ ನಾನೂ ಕೂತು ನೋಡ್ತಿದ್ದೆ. ನೀವು ಖಾಲಿ ತಟ್ಟೆ ತೋರಿಸಿದ್ರಿ. ಅದನ್ನ ನೋಡಿದ ಮೇಲೆ ಯಾರು ಏನು ಕೇಳ್ತಾರೆ?” ಎಂದರು. ಪ್ರಶ್ನೆಪತ್ರಿಕೆಗಳನ್ನು ಕೈಯಲ್ಲೇ ಬರೆದು ಮುಗಿಸಿದರು.

ರಿಪೇರಿಯವನು ತನ್ನ ಅಂಗಡಿಯದೇ ಬೋರ್ಡೊಂದನ್ನು ಅವರ ಡಬ್ಬಕ್ಕೆ ಹಾಕಿಕೊಟ್ಟ. ಆ ಸ್ಕ್ರೂವನ್ನು ಒಂದು ಬಿಳಿ ಕಾಗದದ ಮೇಲಿಟ್ಟು ಬಂದವರಿಗೆಲ್ಲ ತೋರಿಸತೊಡಗಿದ. “ಇದೊಂದು ಉಳಿದಿದೆ. ಯಾವುದರದೋ ಗೊತ್ತಿಲ್ಲ” ಎನ್ನುತ್ತಿದ್ದ. ಕೆಲವರು ಅದನ್ನು ಕೇಳಿ ಬೇರೆ ಅಂಗಡಿಗೆ ಹೋದರು. ಕೆಲವರು ಬಗ್ಗಿ ನೋಡಿದರು, ಬೆಳಕಿಗೆ ಹಿಡಿದರು, ತಮ್ಮ ಮನೆಯ ಡಬ್ಬಗಳನ್ನು ನೆನೆಸಿಕೊಂಡರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕರಿಬಸಯ್ಯ ಕಾದ. ಕತೆ ಮುಂದಕ್ಕೆ ಹೋಗಲಿಲ್ಲ. ನಾಳೆಯ ಪ್ರವಚನ ಅವನ ತಲೆಯಿಂದ ಆ ಕ್ಷಣಕ್ಕೆ ಇಳಿದುಹೋಗಿತ್ತು. ಗುರುಗಳಿಗೆ ಈ ಕತೆಯ ಕೊನೆ ಗೊತ್ತಿರಲೇಬೇಕು. ಆರು ವರ್ಷದಲ್ಲಿ ಅವನು ಕೇಳಿದ್ದಕ್ಕೆ ಅವರು ಉತ್ತರ ಕೊಡದೆ ಇದ್ದದ್ದಿಲ್ಲ.

“ಕೊನೆಗೆ ಆ ಸ್ಕ್ರೂ ಯಾವುದರದು, ಬುದ್ಧಿ?”

“ನನಗೆ ಗೊತ್ತಿಲ್ಲ, ಕರಿಬಸಯ್ಯ.”