ಒಡೆಯನಿಲ್ಲದ ಎಣ್ಣೆ

ನೆಟ್ಟಗೆ ಕುಳಿತು ಕೇಳಿ, ಮಕ್ಕಳೇ. ಒಂದು ಹೊಳೆಯ ದಂಡೆಯಲ್ಲಿ ನಾಲ್ಕು ರಾಜ್ಯಗಳಿದ್ದವು. ಅವುಗಳಲ್ಲಿ ಕರಡಿಕೋಟೆಯ ಅರಸನಿಗೆ ಗಾಣಗಳು ಹೇರಳ. ಅವನ ಹರಳೆಣ್ಣೆ ಊರೂರಿನ ದೀಪಗಳಲ್ಲಿ ಉರಿಯುತ್ತಿತ್ತು. ಎಣ್ಣೆ ಮಾರಿ ಅವನು ಕತ್ತಿ ಕೊಂಡ. ಕತ್ತಿ ಹಿಡಿದು ಕೆಳದಂಡೆಯ ಹಳ್ಳಿಗಳನ್ನು ಸುಟ್ಟು ವಶಮಾಡಿಕೊಂಡ.

ಉಳಿದ ಮೂವರು ಅರಸರು ಸಭೆ ಸೇರಿದರು. ಹಳ್ಳಿಗಳನ್ನು ಬಿಟ್ಟುಕೊಡುವ ತನಕ ಆ ಎಣ್ಣೆಯನ್ನು ಯಾರೂ ಕೊಳ್ಳಬಾರದು, ತರಬಾರದು ಎಂದು ಒಪ್ಪಿದರು. ಒಪ್ಪಿದರೆ ಸಾಲದು. ಸಭೆಯ ಮಾತು ಪ್ರಜೆಯನ್ನು ಕಟ್ಟಿಹಾಕುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ನಾಡಿಗೆ ಮರಳಿ ಅದನ್ನೇ ಕಾನೂನು ಮಾಡಿ ಡಂಗುರ ಹೊಡೆಸಿದರು. ತಪ್ಪಿದರೆ ದಂಡ, ಮೂರನೆಯ ಸಲ ಸೆರೆ. ಒಬ್ಬರ ಸುಂಕದ ಕಟ್ಟೆಯಲ್ಲಿ ಇನ್ನೊಬ್ಬರ ಕಾವಲಿನವರನ್ನೂ ಕೂರಿಸಿದರು.

ಆ ಮೂರರಲ್ಲಿ ಒಂದಾದ ಬೆಳ್ಗಟ್ಟದ ಸುಂಕದ ಕಟ್ಟೆಗೆ ಮಾಚಲೆ ಅಧಿಕಾರಿ. ಸುಟ್ಟ ಹಳ್ಳಿಗಳ ಜನ ಅವಳ ಕಟ್ಟೆಯ ಹಿಂದಿನ ಛತ್ರದಲ್ಲೇ ಇದ್ದರು. ಒಂದು ದೋಣಿ ಎಣ್ಣೆ ಒಳಗೆ ಬಂದರೆ, ಅದರ ಹಣ ಕರಡಿಕೋಟೆ ಸೇರಿ, ಅವರು ಮನೆಗೆ ಮರಳುವ ದಿನ ಅಷ್ಟು ದೂರ ಸರಿಯುತ್ತದೆಂದು ಅವಳು ಬಲ್ಲಳು.

ಆದರೂ ಆ ಎಣ್ಣೆಯನ್ನು ಕದ್ದುಮುಚ್ಚಿ ತಂದವನು ಅವಳ ಅರಸನ ಮೈದುನ ಕೇತರಸ. ಸರಕು ತಂದವನು ಹೊಳೆಗಿಳಿದು, ಬೊಗಸೆಯಲ್ಲಿ ನೀರು ಹಿಡಿದು, ಅದು ಎಲ್ಲಿಯದೆಂದು ಆಣೆಯಿಟ್ಟು ಹೇಳುವುದು ಅಲ್ಲಿಯ ಕಟ್ಟಳೆ. ಎಣ್ಣೆ ಒಪ್ಪಂದದ ಇನ್ನೊಂದು ರಾಜ್ಯವಾದ ಮೇಲುನಾಡಿನದೆಂದ ಕೇತರಸ. ಕಟ್ಟೆಯಲ್ಲೇ ಕೂತಿದ್ದ ಮೇಲುನಾಡಿನ ಕಾವಲಿನವನನ್ನು ಮಾಚಲೆ ಕರೆಸಿದಳು. ನಮ್ಮದಲ್ಲ ಎಂದ ಅವನು. ಕೇತರಸ ದಂಡ ತೆತ್ತು ದೋಣಿ ತಿರುಗಿಸಿದ.

ಎರಡನೆಯ ಸಲ ತನ್ನ ಗಾಣದ ಎಣ್ಣೆಯೊಡನೆ ಬೆರೆಸಿ ತಂದ. ಅರ್ಧವಾದರೂ ನಮ್ಮ ನಾಡಿನದೆಂದು ವಾದಿಸಿದ. ಒಂದು ಸೌಟು ಬೆರೆತರೂ ಎಲ್ಲವೂ ನಿಷಿದ್ಧ ಎಂದಳು ಮಾಚಲೆ. ಮತ್ತೆ ದಂಡ ಬಿತ್ತು. ಕೇತರಸ ಗದರಿದ:

"ಏನಮ್ಮ ಮಾಚಲೆ, ನಿನ್ನನ್ನು ಕೂರಿಸಿದ್ದು ಕಟ್ಟೆ ಕಾಯೋಕೆ. ಅರಸರ ಮನೆಯವರನ್ನು ಕಾಯಿಸೋಕಲ್ಲ. ನಿನ್ನ ಕೆಲಸ ಉಳಿಯೋದಿಲ್ಲ."

"ಹೋಗಲಿ ಸ್ವಾಮಿ. ಡಂಗುರ ಹೊಡೆಸಿದವರು ನಿಮ್ಮ ಭಾವನವರು. ಅದನ್ನು ಹಿಂತೆಗೆಯುವ ಡಂಗುರ ನನಗಿನ್ನೂ ಕೇಳಿಸಿಲ್ಲ."

ಮೂರನೆಯ ಸಲ ಕೇತರಸ ನಗುತ್ತಲೇ ನೀರಿಗಿಳಿದ. ಕೊಂಡದ್ದಲ್ಲ, ತಂದದ್ದಲ್ಲ, ನಡುಹೊಳೆಯಲ್ಲಿ ಆಳಿಲ್ಲದೆ ತೇಲುತ್ತಿದ್ದ ದೋಣಿಯೆಂದ. ಅಂಬಿಗರು ನಕ್ಕರು. ಮಾಚಲೆ ನಗಲಿಲ್ಲ.

"ಹಾಗಾದರೆ ಇದಕ್ಕೆ ಒಡೆಯರೇ ಇಲ್ಲವೇ?"

"ಇಲ್ಲ."

"ನೀವೂ ಅಲ್ಲವೇ?"

ಬೊಗಸೆಯ ನೀರು ಸೋರುತ್ತಿತ್ತು. "ನಾನೂ ಅಲ್ಲ."

ಒಡೆಯನಿಲ್ಲದೆ ತೇಲಿಬಂದ ಸರಕು ಕಟ್ಟೆಗೆ ಸೇರಬೇಕೆಂಬುದು ಆ ಹೊಳೆಯ ಹಳೆಯ ಕಟ್ಟಳೆ. ಎಂದೂ ಸುಂಕ ಕಟ್ಟದ ಕೇತರಸ ಅದನ್ನು ಕೇಳಿಯೇ ಇರಲಿಲ್ಲ. ಮಾಚಲೆ ಎಣ್ಣೆಯ ಕೊಡಗಳನ್ನೆಲ್ಲ ಇಳಿಸಿ ಛತ್ರದ ದೀಪಗಳಿಗೆಂದು ಹೊರಿಸಿದಳು.

ಕೇತರಸ ಅರಮನೆಗೆ ಓಡಿ ದೂರಿದ. ಅರಸ ಕೇಳಿದ್ದು ಒಂದೇ ಮಾತು: "ಎಣ್ಣೆ ನಿನ್ನದೋ? ಹೌದಾದರೆ ಸೆರೆಗೆ ನಡೆ. ಅಲ್ಲವಾದರೆ ಬಾಯಿ ಮುಚ್ಚು." ಕೇತರಸ ಬಾಯಿ ಮುಚ್ಚಿದ. ಮಾರಿದ ಮೇಲೆ ಬೆಲೆ ಕೊಡುವೆನೆಂದು ತಂದಿದ್ದ ಎಣ್ಣೆ ಅದು. ಕರಡಿಕೋಟೆಗೆ ಕವಡೆಯೂ ಸಿಗಲಿಲ್ಲ. ಕದ್ದು ಸಾಗಿಸಲು ಮತ್ತೊಬ್ಬ ಮುಂದೆ ಬರಲಿಲ್ಲ. ಗಾಣಗಳು ನಿಂತವು. ಕರಡಿಕೋಟೆಯ ಅರಸ ಹಳ್ಳಿಗಳನ್ನು ಬಿಟ್ಟುಕೊಟ್ಟ, ಛತ್ರ ಖಾಲಿಯಾಯಿತು.

ನೀತಿ ಇದು: ಕಾನೂನು ಮಾಡಿದವನ ಮನೆಯವರಿಗೂ ಆ ಕಾನೂನು ಸಲ್ಲುತ್ತದೆ. ಅದನ್ನು ಕಾಯುವವರು ಯಾರ ಗದರಿಕೆಗೂ ತಲೆ ಬಾಗಿಸಬಾರದು.