ಸಾಕಮ್ಮನ ಉಪ್ಪಿನಕಾಯಿಗೆ ಚೀಟಿ ಅಂಟಿಸಿದ್ದು

ಕೇಳಿ, ಕಿವಿ ಇದ್ದವರೆಲ್ಲ ಕೇಳಿ. ಸಾಕಮ್ಮನಿಗೆ ಒಬ್ಬನೇ ಮಗ, ದ್ಯಾವಣ್ಣ. ಮೂವತ್ತು ದಾಟಿತ್ತು. ಹೇಳಿದ ಮಾತು ಮೀರಿದವನಲ್ಲ. ಸಾಕಮ್ಮನ ಗೋಳಿಗೆ ಅದೇ ಕಾರಣ.

ಆ ವರ್ಷ ಸಾಕಮ್ಮ ಅರವತ್ತು ಬಾಟಲಿ ಮಾವಿನ ಉಪ್ಪಿನಕಾಯಿ ಹಾಕಿದ್ದಳು. ಇಡೀ ಬೇಸಗೆಯ ದುಡಿಮೆ ಅದು. ಪೇಟೆಯ ಅಂಗಡಿ ಮರಿಸ್ವಾಮಿ ಹೇಳಿಬಿಟ್ಟ: "ಹೆಸರು, ತಾರೀಖು ಇರೋ ಚೀಟಿ ಅಂಟಿಸಿ ಸೋಮವಾರ ತನ್ನಿ. ಚೀಟಿ ಇಲ್ದಿದ್ರೆ ಒಂದು ಬಾಟ್ಲೀನೂ ಮುಟ್ಟಲ್ಲ."

ಸ್ತ್ರೀಶಕ್ತಿ ಸಂಘದವರು ಚೀಟಿ ಹೊಡೆಯುವ ಪುಟ್ಟ ಮಿಷನ್ ಕೊಟ್ಟರು. ಅದಕ್ಕೆ ಶಾಯಿ ಬೇಡ, ಬಿಸಿಗೇ ಅಕ್ಷರ ಮೂಡುತ್ತದೆ. ಕಾಗದ ಮಾತ್ರ ಅದಕ್ಕೆ ತಕ್ಕ, ಹಿಂದೆ ಅಂಟಿರುವ ಖಾಲಿ ಚೀಟಿಗಳ ಸುರುಳಿಯೇ ಆಗಬೇಕು.

ಗುರುವಾರ ಸಾಕಮ್ಮ ಅಂದಳು, "ದ್ಯಾವಾ, ಪೇಟೆಗೆ ಹೋಗು. ಬೆಳ್ಳಗಿರ್ಬೇಕು, ಎರಡಿಂಚು ಅಗಲ ಇರ್ಬೇಕು, ಸುರುಳಿ ಸುತ್ತಿರ್ಬೇಕು. ತಗೊಂಡು ಬಾ."

ಹೋದ, ತಂದ. ಬೆಳ್ಳಗಿತ್ತು, ಎರಡಿಂಚು ಅಗಲವಿತ್ತು, ಸುರುಳಿ ಸುತ್ತಿತ್ತು. ಔಷಧಿ ಅಂಗಡಿಯ ಬ್ಯಾಂಡೇಜು.

"ಯಾರಿಗೋ ಗಾಯ ಆಗಿರೋದು? ನನ್ನ ಹಣೆಗಾ?" ಅಂದಳು ತಾಯಿ. "ಕಾಗದ ಕಣೋ. ಉಗುರಲ್ಲಿ ಗೀರಿದ್ರೆ ಕರಿ ಗೆರೆ ಬರೋ ಕಾಗದ. ಗೀರಿ ನೋಡಿ ತಗೊಂಡು ಬಾ."

"ಆಗಲಮ್ಮ."

ಶುಕ್ರವಾರ ಹೋದ, ತಂದ. ಈ ಸಲ ಸರಿಯಾದ ಸುರುಳಿಯೇ. ಆದರೆ ಬಿಚ್ಚಿದರೆ ಮೊದಲ ಚೀಟಿಯಿಂದ ಕೊನೇ ಚೀಟಿವರೆಗೆ ಕರಿ ಗೆರೆ.

"ಇದೇನೋ ಇದು?"

"ಒಂದನ್ನೂ ಬಿಡದೆ ಗೀರಿ ನೋಡ್ದೆ ಕಣಮ್ಮ. ಬಸ್ಸು ಊರು ಮುಟ್ಟೋವರೆಗೂ ಗೀರ್ದೆ. ಎಲ್ಲಾ ಚೆನ್ನಾಗಿವೆ."

ಸಾಕಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಇನ್ನು ಗೀರಬೇಡ ಮಾರಾಯ. ಕಾಗದಕ್ಕೆ ಬಿಸಿ ತಾಗಿದ್ರೆ ಸಾಕು, ಅಕ್ಷರ ತಾನೇ ಬರತ್ತೆ."

"ಆಗಲಮ್ಮ."

ಶನಿವಾರ ಇನ್ನೊಂದು ಸುರುಳಿ ತಂದ. ಒಂದು ಗೀರೂ ಇರಲಿಲ್ಲ. ಸಾಕಮ್ಮ ಮೊದಲ ಸಲ ಉಸಿರು ಬಿಟ್ಟು ಸ್ನಾನಕ್ಕೆ ಹೋದಳು. ತಲೆ ಒರೆಸಿಕೊಂಡು ಬಂದರೆ ಒಲೆ ಮೇಲೆ ದೋಸೆ ಹಂಚು, ಹಂಚಿನ ಮೇಲೆ ಚೀಟಿಗಳು. ಒಂದೊಂದೂ ಮಸಿಯಂತೆ ಕಪ್ಪಾಗಿತ್ತು. ದ್ಯಾವಣ್ಣ ಸೌಟು ಹಿಡಿದು ತಿರುವಿ ಹಾಕುತ್ತಿದ್ದ.

"ಬಿಸಿ ತಾಗಿಸ್ದೆ ಕಣಮ್ಮ. ಅಕ್ಷರ ಬಹಳ ಬಂದ್ಬಿಟ್ಟಿವೆ, ಓದೋಕಾಗ್ತಿಲ್ಲ."

ಸಾಕಮ್ಮ ಒಲೆ ಆರಿಸಿದಳು. ಭಾನುವಾರ ತಾನೇ ಪೇಟೆಗೆ ಹೋಗಿ ಕಾಗದ ತಂದಳು, ತಾನೇ ಚೀಟಿ ಹೊಡೆದಳು, ತಾನೇ ಅರವತ್ತನ್ನೂ ಅಂಟಿಸಿದಳು. ನೋಡಿ ಕಣ್ಣು ತುಂಬಿಕೊಂಡಳು.

ಸೋಮವಾರ ಆಟೋಗೆ ಬಾಟಲಿ ತುಂಬಿದರೆ ಒಬ್ಬರಿಗೇ ಜಾಗ ಉಳಿಯುತ್ತಿತ್ತು. ಅರವತ್ತು ಬಾಟಲಿ ಇಳಿಸುವ ಶಕ್ತಿ ಅವಳ ಸೊಂಟಕ್ಕಿರಲಿಲ್ಲ. ಬೇರೆ ದಾರಿಯಿಲ್ಲದೆ ಮಗನಿಗೆ ಒಪ್ಪಿಸಿದಳು.

"ನೋಡಪ್ಪ, ಈ ಚೀಟಿಗೆ ಬಿಸಿಲು ತಾಗಬಾರದು, ಅಕ್ಷರ ಮಾಸತ್ತೆ. ನೆರಳಲ್ಲಿ ಭದ್ರವಾಗಿಡು."

"ಆಗಲಮ್ಮ."

ಅವಳು ಆಟೋ ಕರೆಯಲು ಹೋದಳು. ಬಂದಾಗ ಮಗ ಬಾಟಲಿಗಳನ್ನು ಗೋಣಿಚೀಲ ಹೊದಿಸಿ ಬಾಗಿಲಲ್ಲಿಟ್ಟಿದ್ದ. ಬುದ್ಧಿ ಬಂತಲ್ಲ ಅಂದುಕೊಂಡಳು, ಪಾಪ.

ಮಧ್ಯಾಹ್ನ ಆಟೋ ವಾಪಸ್ ಬಂತು. ಅರವತ್ತು ಬಾಟಲಿಯೂ ವಾಪಸ್ ಬಂದವು, ಬರೀ ಮೈಯಲ್ಲಿ.

"ಚೀಟಿ ಎಲ್ಲೋ?"

"ಮರಿಸ್ವಾಮಣ್ಣಾನೂ ಅದೇ ಕೇಳಿದ್ರು. ಮನೇಲಿ ನೆರಳಲ್ಲಿ ಭದ್ರವಾಗಿವೆ ಅಂದೆ. ಬೇರೆಯವ್ರ ಹತ್ರ ತಗೋತಾರಂತೆ."

ದ್ಯಾವಣ್ಣ ತಾಯಿಯ ಸೀರೆ ಟ್ರಂಕು ತೆಗೆದ. ಮುಚ್ಚಳದ ಒಳಗೆ ಸಾಲುಸಾಲಾಗಿ ಚೀಟಿ.

"ಜಾಗ ಸಾಲ್ಲಿಲ್ಲ. ಮಿಕ್ಕಿದ್ದು ನಿನ್ನ ಧಾರೆ ಸೀರೆಗೆ ಅಂಟಿಸ್ದೆ."

ಸಾಕಮ್ಮ ಸೀರೆ ಎಳೆದು ತೆಗೆದಳು. ಮಗ ಅದರ ಮೇಲಿನ ಚೀಟಿಗೆ ಬೆರಳಿಟ್ಟ. "ಒಂದಕ್ಷರ ಮಾಸಿಲ್ಲ, ಓದಮ್ಮ. ನೀನೇ ಬರೆಸಿದೀಯಲ್ಲ."

ಓದಿದಳು: "ಸಾಕಮ್ಮನ ಮಾವಿನ ಉಪ್ಪಿನಕಾಯಿ. ಬಿಸಿಲು ಬೀಳದ, ತಂಪಾದ ಜಾಗದಲ್ಲಿಡಿ."